ಹೋಟೆಲೆಂಬ ತವರಿಗೆ ಬಂದ ಹಾಲಮ್ಮ

ದಾವಣಗೆರೆಯ ಒಂದು ಹೋಟೆಲಿನಲ್ಲಿ ಗಂಡಸರು ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು, ಹೆಂಗಸರು ನಿಂತು ಹೆಚ್ಚುತ್ತಿದ್ದರು. ಈರುಳ್ಳಿ ಮಾತ್ರ ಒಂದೇ. ನಿಂತೂ ನಿಂತೂ ಕಾಲು ಊದಿಕೊಂಡ ಹಾಲಮ್ಮ ಮಾಲೀಕ ಸಿದ್ರಾಮಣ್ಣನ ಬಳಿ ಸ್ಟೂಲು ಕೇಳಿದಳು.

“ನೀವೇನು ಆಳುಗಳೇ? ನನ್ನ ಮನೆ ಹೆಣ್ಣುಮಕ್ಕಳು ಇದ್ದಂಗೆ. ಮನೆಮಗಳು ಸ್ಟೂಲು ಕೇಳ್ತಾಳೇನಮ್ಮ?” ಅಂದ ಸಿದ್ರಾಮಣ್ಣ. ಅಂದರೆ ಸ್ಟೂಲು ಇಲ್ಲ ಅಂತ ಅರ್ಥ.

ಮರುದಿನ ಬೆಳಿಗ್ಗೆ ಗಿರಾಕಿಗಳು ತುಂಬಿದ್ದ ಹೊತ್ತಿಗೆ ಹಾಲಮ್ಮ ಈರುಳ್ಳಿ ಬಿಟ್ಟು ಗಲ್ಲಾದ ಎದುರಿನ ಟೇಬಲ್ಲಿಗೆ ಬಂದು ಕೂತಳು.

“ಏನಮ್ಮ ಇದು?” ಅಂದ ಸಿದ್ರಾಮಣ್ಣ.

“ತವರಿಗೆ ಬಂದೀನಿ ಅಪ್ಪಾಜಿ. ತವರಲ್ಲಿ ಮಗಳ ಕೈಲಿ ಕೆಲಸ ಮಾಡಿಸ್ತಾರಾ? ಒಂದು ಬೆಣ್ಣೆದೋಸೆ ಕೊಡಿಸ್ರಿ. ಹೊರಡುವಾಗ ಸೀರೆ ಉಡಿಸಿದರೆ ಸಾಕು. ಒಳಗೆ ನಿಮ್ಮ ಉಳಿದ ಹೆಣ್ಣುಮಕ್ಕಳೂ ದೋಸೆಗೆ ಅಂತ ಕೈ ತೊಳೀತಿದ್ದಾರೆ.”

ಗಿರಾಕಿಗಳೆಲ್ಲ ನಕ್ಕರು, ಹಾಲಮ್ಮನಿಗೆ ದೋಸೆಯೂ ಬಂತು. ಸಂಜೆಯೊಳಗೆ ಹೆಂಗಸರಿಗೂ ಸ್ಟೂಲುಗಳು ಬಂದವು.

“ಇನ್ಮೇಲೆ ನೀವು ಬರೀ ಆಳುಗಳು, ತಿಳೀತಾ?” ಅಂದ ಸಿದ್ರಾಮಣ್ಣ.

“ಆಗಲಿ ಯಜಮಾನ್ರೆ,” ಎಂದು ಹಾಲಮ್ಮ ಆರಾಮಾಗಿ ಕೂತಳು. “ಬೆಳಿಗ್ಗೆ ತಿಂದ ದೋಸೆ ಮಾತ್ರ ನಮ್ಮ ಅಪ್ಪಾಜಿ ಲೆಕ್ಕಕ್ಕೆ ಬರ್ಕೊಳ್ರಿ.”