ಶೆಟ್ಟರ ಹಿತ್ತಾಳೆ ಬೀಗ

ಮಧುಗಿರಿಯಲ್ಲಿ ವರದಯ್ಯಶೆಟ್ಟರು ಎಂಬ ಪಾತ್ರೆ ವ್ಯಾಪಾರಿ ಇದ್ದರು. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ, ಹೆಂಡತಿ ಸತ್ಯಲಕ್ಷ್ಮಮ್ಮನವರನ್ನು ಕರೆದುಕೊಂಡು ದೇಶ ಸುತ್ತುವುದು ಅವರ ಅಭ್ಯಾಸ. ನಮ್ಮ ದೇಶವೋ ದೊಡ್ಡದು. ಒಂದು ಕಡೆ ಬೆಳಿಗ್ಗೆ ಎದ್ದರೆ ಹಲ್ಲು ಕಟಕಟ ಎನ್ನುವ ಚಳಿ, ಇನ್ನೊಂದು ಕಡೆ ಸ್ನಾನ ಮಾಡಿ ಬಂದ ಮೈ ಒರೆಸುವುದರೊಳಗೆ ಮತ್ತೆ ಬೆವರು. ಊರಿಗೊಂದು ಭಾಷೆ, ಊರಿಗೊಂದು ಊಟ. ಆದರೆ ಶೆಟ್ಟರು ಎಲ್ಲಿ ಹೋದರೂ ಬದಲಾಗದ ಒಂದು ವಸ್ತು ಅವರ ಕೈಚೀಲದಲ್ಲಿರುತ್ತಿತ್ತು. ಅದು ಅಂಗೈಯಗಲದ ಹಿತ್ತಾಳೆ ಬೀಗ.

ಹಳೆಯ ಧರ್ಮಶಾಲೆಗಳಲ್ಲಿ ಕೋಣೆ ಕೊಡುತ್ತಾರೆ, ಬೀಗ ಕೊಡುವುದಿಲ್ಲ. ಯಾತ್ರಿಕರೇ ತಂದುಕೊಳ್ಳಬೇಕು. ಶೆಟ್ಟರು ಮೊದಲ ಯಾತ್ರೆಗೆಂದು ಕೊಂಡ ಬೀಗ ಅದು. ಆಮೇಲೆ ಬೀಗ ಕೊಡುವ ಕಡೆಗೂ ಅದನ್ನೇ ಒಯ್ದರು. "ಬೇರೆಯವರ ಬೀಗಕ್ಕೆ ಎರಡು ಕೀ ಇರ್ತವೆ ಕಣೇ. ನಂದಕ್ಕೆ ಒಂದೇ" ಎಂದು ಹೆಂಡತಿಗೆ ಹೇಳುವುದು, ಹೇಳಿ ಜೇಬು ತಟ್ಟಿಕೊಳ್ಳುವುದು.

ಉಳಿಯಲು ಜಾಗ ಆರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಹೇಳುವಂತೆ ಅವರೇ ಮಾಡಿದ್ದರು ಅನ್ನಿ. ದಿಂಬು ಮೂಸುವುದು, ಹಾಸಿಗೆ ಎತ್ತಿ ತಿಗಣೆ ಹುಡುಕುವುದು, ನಲ್ಲಿ ತಿರುಗಿಸುವುದು, ಕೊನೆಗೆ ಬಾಗಿಲ ಕೊಂಡಿ ಹಿಡಿದು ಜಗ್ಗುವುದು. ಇಷ್ಟು ಆಗದೆ ಅವರು ಎಲ್ಲೂ ಚಪ್ಪಲಿ ಬಿಡುತ್ತಿರಲಿಲ್ಲ.

ಒಂದು ಕಾರ್ತಿಕ ಮಾಸದಲ್ಲಿ ಗಂಡಹೆಂಡತಿ ಪೂರ್ವದ ಕಡಲ ತೀರಕ್ಕೆ, ಒಡಿಶಾಕ್ಕೆ ಹೋದರು. ಅಲ್ಲಿಯ ದೊಡ್ಡ ದೇವಸ್ಥಾನದ ದರ್ಶನ ಮಾಡಬೇಕೆಂಬುದು ಸತ್ಯಲಕ್ಷ್ಮಮ್ಮನವರ ಬಹುದಿನದ ಆಸೆ. ಕಾರ್ತಿಕವಾದ್ದರಿಂದ ಊರು ತುಂಬ ಜನ. ಬೆಳಿಗ್ಗೆ ಮೂರು ಕಡೆ ಕೋಣೆ ಇತ್ತು. ಒಂದರಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ ಎಂದರು ಶೆಟ್ಟರು. ಇನ್ನೊಂದರ ಕಿಟಕಿಯಿಂದ ಪಕ್ಕದ ಮನೆಯ ಮೀನಿನ ವಾಸನೆ ಬರುತ್ತದೆ ಎಂದರು. ಮೂರನೆಯದು ಅಚ್ಚುಕಟ್ಟಾಗಿತ್ತು. ಆದರೆ ಕೊಂಡಿಯ ತೂತು ಚಿಕ್ಕದು, ಬೀಗ ತೂರಲಿಲ್ಲ. "ಇಲ್ಲಿ ಬೇಡ" ಎಂದುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಆ ಮೂರೂ ಭರ್ತಿಯಾದವು. ಸಂಜೆಯ ಹೊತ್ತಿಗೆ ಊರಲ್ಲಿ ಒಂದು ಕೋಣೆಯೂ ಉಳಿಯಲಿಲ್ಲ. ಸತ್ಯಲಕ್ಷ್ಮಮ್ಮನವರ ಕಾಲು ಊದಿಕೊಂಡಿತು. ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಅವರು ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಗಟ್ಟಿಯಾಗಿಯೇ ಹೇಳಿದರು. ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಟೀ ಸೋಸುತ್ತಿದ್ದವನು ತಲೆ ಎತ್ತಿದ. "ಎಲ್ಲಿಂದ ಬಂದ್ರಿ ಸಾರ್? ನಾನು ತುಮಕೂರಲ್ಲಿ ಆರು ವರ್ಷ ಇದ್ದೆ. ಹೋಟೆಲಲ್ಲಿ ಅಡುಗೆ."

ಅವನ ಹೆಸರು ನೀಲಮಣಿ. ಸತ್ಯಲಕ್ಷ್ಮಮ್ಮನವರ ಕಾಲು ನೋಡಿದ, ಅಂಗಡಿ ಪಕ್ಕದವನಿಗೆ ಒಪ್ಪಿಸಿದ, ಆಟೋ ನಿಲ್ಲಿಸಿದ. "ನಮ್ಮ ಮನೆಗೆ ಬನ್ನಿ ಅಮ್ಮ. ದೊಡ್ಡದಲ್ಲ. ಆದ್ರೆ ಕಾಲು ಚಾಚಬಹುದು."

"ಎಷ್ಟು ಕೊಡಬೇಕು?" ಎಂದರು ಶೆಟ್ಟರು.

"ಏನೂ ಬೇಡ ಸಾರ್. ನಾನು ಮೊದಲು ತುಮಕೂರಿಗೆ ಬಂದಾಗ ಭಾಷೆ ಬರ್ತಿರಲಿಲ್ಲ. ಒಬ್ಬರು ಮನೆ ಜಗಲಿ ಮೇಲೆ ಒಂದು ತಿಂಗಳು ಮಲಗಿಸಿಕೊಂಡರು."

ಬಾಡಿಗೆ ಬೇಡ ಎಂದದ್ದಕ್ಕೇ ಶೆಟ್ಟರಿಗೆ ಅನುಮಾನ ಬಂತು. ಬೇಕು ಎಂದಿದ್ದರೆ ಚೌಕಾಸಿ ಮಾಡಿ ನೆಮ್ಮದಿಯಾಗಿ ಇರುತ್ತಿದ್ದರು. ಕೆಲವರ ಸ್ವಭಾವ ಹಾಗೆ. ನೀಲಮಣಿ ದಾರಿಯಲ್ಲಿ ಫೋನ್ ನಂಬರ್ ಕೇಳಿದಾಗ "ಅದೆಲ್ಲ ಯಾಕೆ ಬಿಡಿ" ಎಂದು ಮಾತು ತೇಲಿಸಿದರು.

ಊರಿಂದ ಎರಡು ಹರದಾರಿ ದೂರದ ಹಳ್ಳಿ. ಮಣ್ಣಿನ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿತ್ತಾರ. ಮುಂದೆ ಜಗಲಿ, ನಡುವೆ ಒಂದೇ ಕೋಣೆ, ಹಿಂದೆ ಅಡುಗೆಗೊಂದು ಗುಡಿಸಲು. ನೀಲಮಣಿಯ ಹೆಂಡತಿ ಕುಂತಳಾ ಓಡಾಡಿ ಹಾಸಿಗೆ ಹಾಕಿದಳು. ನೀಲಮಣಿಯ ತಾಯಿ, ಎಂಬತ್ತು ದಾಟಿದ ಅಜ್ಜಿ, ಬಾಗಿಲ ಪಕ್ಕ ಸರಿದು ನಿಂತು ನಕ್ಕರು. ಬಾಯಲ್ಲಿ ಹಲ್ಲಿರಲಿಲ್ಲ.

ಶೆಟ್ಟರ ಪರೀಕ್ಷೆ ಶುರುವಾಯಿತು. ದಿಂಬು ಮೂಸಿದರು. ನೀರಿನ ಕೊಡಕ್ಕೆ ಇಣುಕಿದರು.

"ಹಾವು ಬರ್ತವಾ?"

"ಇಲ್ಲ ಸಾರ್."

"ಕರೆಂಟು ಹೋಗುತ್ತಾ?"

"ಒಮ್ಮೊಮ್ಮೆ ಹೋಗುತ್ತೆ ಸಾರ್. ಬೀಸಣಿಗೆ ಇದೆ."

"ಮನೇಲಿ ಮೀನು ಬೇಯಿಸ್ತೀರಾ?"

"ಕಾರ್ತಿಕ ಅಲ್ವಾ ಸಾರ್. ಈ ತಿಂಗಳು ನಮ್ಮನೇಲಿ ಯಾರೂ ಮುಟ್ಟಲ್ಲ."

ಹೀಗೆ ಹತ್ತು ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರ ಬಂತು. ಕೋಣೆಯ ಮೂಲೆಯಲ್ಲಿ ಒಂದು ಮಣೆಯ ಮೇಲೆ ಕೆಂಪು ಬಟ್ಟೆ ಮುಚ್ಚಿದ್ದ ಏನೋ ಒಂದು ಇತ್ತು. ಅದೇನೆಂದು ಮಾತ್ರ ಕೇಳಲಿಲ್ಲ. ಕೊನೆಗೆ ಕೊಂಡಿಗೆ ಬೀಗ ಹಾಕಿ ನೋಡಿದರು. ಸಲೀಸಾಗಿ ತೂರಿತು. ಶೆಟ್ಟರ ಮುಖ ಅರಳಿತು. ಆಗ ನೀಲಮಣಿ, "ಬೆಳಿಗ್ಗೆ ನಾನು ಬೇಗ ಅಂಗಡಿಗೆ ಹೋಗಿರ್ತೀನಿ. ಅಮ್ಮ ಒಂದು ಸಲ ಒಳಗೆ ಬರ್ತಾಳೆ ಸಾರ್, ನೀವು ರೆಡಿ ಆದಮೇಲೆ" ಎಂದ. ಶೆಟ್ಟರು ಕೀಲಿ ತಿರುಗಿಸುತ್ತ "ಆಯ್ತಾಯ್ತು" ಎಂದರು. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಇಬ್ಬರೂ ಸ್ನಾನ ಮುಗಿಸಿ ಹೊರಗೆ ಬಂದರು. ಜಗಲಿಯಲ್ಲಿ ಅಜ್ಜಿ ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು ಕಾಯುತ್ತಿದ್ದರು. ಕೈಯಲ್ಲಿ ಎಲೆಯ ದೊನ್ನೆ, ದೊನ್ನೆ ತುಂಬ ಹೂವು. ಶೆಟ್ಟರು ಬಾಗಿಲೆಳೆದು ಬೀಗ ಜಡಿದರು. ಅಜ್ಜಿ ಒಂದು ಹೆಜ್ಜೆ ಮುಂದೆ ಬಂದರು. ಬಾಗಿಲ ಕಡೆ ಕೈ ತೋರಿಸಿ ಏನೋ ಹೇಳಿದರು.

"ಹೆದರಬೇಡಿ ಅಜ್ಜಿ, ಬೀಗ ಗಟ್ಟಿ ಇದೆ" ಎಂದರು ಶೆಟ್ಟರು. ಆಮೇಲೆ ಹೂವು ನೋಡಿದರು. "ಓ, ದೇವಸ್ಥಾನಕ್ಕಾ? ಕೊಡಿ, ನಿಮ್ಮ ಹೆಸರಲ್ಲಿ ಏರಿಸ್ತೀವಿ." ದೊನ್ನೆಯನ್ನು ಅವರ ಕೈಯಿಂದ ತೆಗೆದುಕೊಂಡೇಬಿಟ್ಟರು. ಅಜ್ಜಿಯ ಬೆರಳು ಕ್ಷಣ ಹೊತ್ತು ಬಿಡಲಿಲ್ಲ. ಆಮೇಲೆ ಬಿಟ್ಟವು.

"ಅವರು ಇನ್ನೇನೋ ಹೇಳ್ತಿದ್ದಾರೆ ಕಣ್ರೀ" ಎಂದರು ಸತ್ಯಲಕ್ಷ್ಮಮ್ಮ.

"ಅಲ್ಲಿ ಸಾಲು ಬೆಳೀತಾ ಇರುತ್ತೆ, ನಡಿಯೇ." ರಸ್ತೆಯಲ್ಲಿ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಕುಂತಳಾ ನೀರು ತರಲು ಹೋಗಿದ್ದಳು. ಸತ್ಯಲಕ್ಷ್ಮಮ್ಮನವರು ಒಮ್ಮೆ ಹಿಂದಿರುಗಿ ನೋಡಿದರು, ಆಟೋ ಹತ್ತಿದರು.

ಆರು ತಾಸು ಸಾಲಿನಲ್ಲಿ ನಿಂತರು. ನೂಕುನುಗ್ಗಲಿನಲ್ಲಿ ಶೆಟ್ಟರಿಗೆ ಜೇಬಿನ ಮೇಲೆ ಒಂದು ಕೈ ಇಡಬೇಕಾಯಿತು, ಕಂಬಿ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ದೊನ್ನೆಯನ್ನು ಒಂದು ಕಟ್ಟೆಯ ಮೇಲಿಟ್ಟರು, ಅಲ್ಲೇ ಮರೆತರು. ದೇವರ ಮುಂದೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಸಿಕ್ಕಿತು. ಕಣ್ಣಲ್ಲಿ ನೀರು ತುಂಬಿತು, ಜನ್ಮ ಸಾರ್ಥಕ ಎಂದುಕೊಂಡರು. ಹೊಟ್ಟೆ ತುಂಬ ಪ್ರಸಾದ ಉಂಡರು. ಕಡಲ ದಂಡೆಯಲ್ಲಿ ಕಾಲು ನೆನೆಸಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಹಳ್ಳಿಗೆ ಮರಳಿದರು.

ಮನೆಯ ಮುಂದೆ ಐದಾರು ಹೆಂಗಸರು ನಿಂತಿದ್ದರು. ನೀಲಮಣಿಯೂ ಇದ್ದ. ಕಳ್ಳತನವಾಯಿತೇನೋ ಎಂದುಕೊಂಡ ಶೆಟ್ಟರು ಯಾರನ್ನೂ ಮಾತಾಡಿಸದೆ ನೇರ ಬಾಗಿಲಿಗೆ ಹೋಗಿ ಬೀಗ ಹಿಡಿದು ಜಗ್ಗಿ ನೋಡಿದರು. ಭದ್ರವಾಗಿತ್ತು. ಉಸಿರು ಬಿಟ್ಟರು. ಉಸಿರು ಬಿಟ್ಟಮೇಲೆ ಕಂಡದ್ದು, ತಮ್ಮ ಕಾಲ ಬುಡದಲ್ಲೇ ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ. ತುಟಿ ಒಣಗಿ ಬಿಳಿಚಿಕೊಂಡಿತ್ತು.

"ಏನಾಯ್ತಪ್ಪಾ?"

"ಏನಿಲ್ಲ ಸಾರ್. ಮೊದಲು ಬಾಗಿಲು ತೆಗೀರಿ."

ತೆಗೆದರು. ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಶೆಟ್ಟರ ಪೆಟ್ಟಿಗೆ, ಚೀಲ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಮೂಲೆಗೆ ಹೋಗಿ ಕೆಂಪು ಬಟ್ಟೆ ಸರಿಸಿದರು. ಒಳಗೆ ಗೇಣುದ್ದದ ಮರದ ದೇವರು. ಮುಟ್ಟಿ ಮುಟ್ಟಿ ಮುಖದ ಬಣ್ಣ ಮಾಸಿತ್ತು. ರಾತ್ರಿ ಮಲಗಿಸಿ ಬಟ್ಟೆ ಹೊದಿಸಿದ್ದನ್ನು ಬೆಳಿಗ್ಗೆ ತೆಗೆದು ಎಬ್ಬಿಸುವುದು ಆ ಮನೆಯ ಪದ್ಧತಿ. ಅಜ್ಜಿ ಬಗ್ಗಿ ಮೆಲ್ಲಗೆ ಏನೋ ಹೇಳಿದರು.

"ಏನಂತಾರೆ?" ಎಂದು ಸತ್ಯಲಕ್ಷ್ಮಮ್ಮ ಕೇಳಿದರು.

ನೀಲಮಣಿ ನೆಲ ನೋಡಿದ. "ತಡ ಆಯ್ತು, ಏಳಪ್ಪ ಅಂತಾಳೆ ಅಮ್ಮ."

ಸತ್ಯಲಕ್ಷ್ಮಮ್ಮನವರಿಗೆ ಥಟ್ಟನೆ ಹೊಳೆಯಿತು. "ಪೂಜೆ ಆಗದೆ ಊಟ ಮಾಡ್ತಾರಾ ಅವರು?"

"ಇಲ್ಲಮ್ಮ. ನೀರೂ ಇಲ್ಲ. ಕಾರ್ತಿಕ ಪೂರ್ತಿ ಒಪ್ಪೊತ್ತು. ನಿನ್ನೆ ಮಧ್ಯಾಹ್ನ ತಿಂದಿದ್ದು." ಸ್ವಲ್ಪ ತಡೆದು ಹೇಳಿದ, "ಹೊತ್ತು ಮುಳುಗಿದ ಮೇಲೆ ಊಟ ಮಾಡೋ ಹಾಗಿಲ್ಲ. ಇವತ್ತು ನೀರು ಕುಡೀತಾಳೆ. ನಾಳೆ ಊಟ."

ಶೆಟ್ಟರು ಕೈಯಲ್ಲಿದ್ದ ಬೀಗ ನೋಡಿದರು. "ಬೀಗ ಒಡೀಬಾರದಿತ್ತೇನಯ್ಯಾ?"

"ಬೀಗ ಯಾಕೆ ಸಾರ್, ಕೊಂಡಿಯ ಒಂದು ಮೊಳೆ ಎಳೆದರೆ ಸಾಕು, ಬಂದುಬಿಡುತ್ತೆ. ಮಧ್ಯಾಹ್ನ ಬಂದು ಎಳೆಯೋಕೆ ಹೋದೆ. ಅಮ್ಮ ಕೈ ಹಿಡಿದಳು. ಮನೆಗೆ ಬಂದೋರು ಕೊಂಡಿ ಕಿತ್ತಿರೋದು ನೋಡಿದರೆ ನಮ್ಮನ್ನ ಕಳ್ಳರು ಅಂದ್ಕೋತಾರೆ, ಬೇಡ ಅಂದಳು."

ಶೆಟ್ಟರು ತಲೆ ತಗ್ಗಿಸಿದರು. ಬಂದ ಕೂಡಲೇ ತಾವು ಹೋಗಿ ಜಗ್ಗಿದ್ದು ಬೀಗವನ್ನು. ಅಜ್ಜಿ ಅದನ್ನು ಕೆಳಗಿಂದ ನೋಡಿದ್ದರು. ಭಾಷೆ ಬಾರದ ಆ ಮುದುಕಿ ಒಂದೇ ದಿನದಲ್ಲಿ ತಮ್ಮನ್ನು ಪೂರ್ತಿ ಓದಿಕೊಂಡಿದ್ದರು. ಓದಿಯೂ ಒಂದು ಕೆಟ್ಟ ಮಾತು ಆಡಿರಲಿಲ್ಲ.

ಅಜ್ಜಿ ದೀಪ ಹಚ್ಚಿದರು. ಹೂವಿಗೆಂದು ಅಭ್ಯಾಸದಂತೆ ಪಕ್ಕಕ್ಕೆ ಕೈ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ನೀರು ಮಾತ್ರ ಅರ್ಪಿಸಿ ಕೈ ಮುಗಿದರು. ಉಳಿದ ನೀರನ್ನು ತಾವು ಕುಡಿದರು. ಆಮೇಲೆ ಶೆಟ್ಟರ ಕಡೆ ತಿರುಗಿ ಏನೋ ಕೇಳಿದರು.

"ದರ್ಶನ ಚೆನ್ನಾಗಿ ಆಯ್ತಾ ಅಂತ ಕೇಳ್ತಾಳೆ ಸಾರ್."

 ಸಾವಿರ ಮೈಲಿ ಬಂದು, ಒಂದು ಮನೆಯ ದೇವರನ್ನು ಕತ್ತಲಲ್ಲಿ ಕೂಡಿಹಾಕಿ, ಒಬ್ಬ ಮುದುಕಿಯ ಕೈಯ ಹೂವು ಕಿತ್ತುಕೊಂಡು ಮಾಡಿದ ದರ್ಶನ. ಶೆಟ್ಟರು ಆಯ್ತು ಎನ್ನುವುದು ಹೇಗೆ? ಸತ್ಯಲಕ್ಷ್ಮಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಂಡು, "ನನಗೆ ಬೆಳಿಗ್ಗೆನೇ ಅನ್ನಿಸಿತ್ತು. ನಾನೂ ಸುಮ್ಮನೆ ಬಂದೆ" ಎಂದರು.

ಆಗ ಶೆಟ್ಟರು ಹನ್ನೊಂದನೆಯ ಪ್ರಶ್ನೆ ಕೇಳಿದರು. "ನೀಲಮಣಿ, ನಿನ್ನೆ ನೀವೆಲ್ಲ ಎಲ್ಲಿ ಮಲಗಿದ್ರಿ?"

ಅವನು ಹಿಂದಿನ ಗುಡಿಸಲು ತೋರಿಸಿದ. ಒಲೆಯ ಪಕ್ಕ ಇಬ್ಬರು ಮೈ ಮುದುರಿ ಮಲಗುವಷ್ಟು ಜಾಗ. "ಅಮ್ಮ, ಕುಂತಳಾ ಅಲ್ಲಿ. ನಾನು ಹೊರಗೆ ಮರದ ಕೆಳಗೆ. ಅಭ್ಯಾಸ ಇದೆ ಸಾರ್."

ಕಥೆ ಇಲ್ಲಿಗೇ ಮುಗಿದಿದ್ದರೆ ಶೆಟ್ಟರ ಮಾನ ಅಷ್ಟಾದರೂ ಉಳಿಯುತ್ತಿತ್ತು. ಮುಗಿಯಲಿಲ್ಲ.

ಬೇರೆ ಕಡೆ ಮಲಗಲು ಅಜ್ಜಿ ಬಿಡದ್ದರಿಂದ ಆ ರಾತ್ರಿಯೂ ಗಂಡಹೆಂಡತಿ ಕೋಣೆಯಲ್ಲೇ ಮಲಗಿದರು, ಆದರೆ ಬಾಗಿಲಿಗೆ ಚಿಲಕ ಹಾಕಲಿಲ್ಲ. ಬೆಳಗಾಯಿತು. ಇವತ್ತು ಅಜ್ಜಿಗಿಂತ ಮೊದಲೇ ಎದ್ದು ಕೋಣೆ ಬಿಟ್ಟುಕೊಡಬೇಕು ಎಂದುಕೊಂಡಿದ್ದ ಶೆಟ್ಟರು ಬಾಗಿಲು ತೆರೆದು ಹೊರಗೆ ಬಂದರು, ಅಲ್ಲೇ ನಿಂತರು. ಜಗಲಿಯ ತುದಿಯಲ್ಲಿ, ಇಬ್ಬನಿ ಬೀಳುವ ಜಾಗದಲ್ಲಿ, ಮಣೆ. ಮಣೆಯ ಮೇಲೆ ಮರದ ದೇವರು. ಎದುರಿಗೆ ಹೂವಿನ ದೊನ್ನೆ ಹಿಡಿದು ಅಜ್ಜಿ ಕುಳಿತಿದ್ದಾರೆ. ಇವರು ನಿದ್ದೆಯಲ್ಲಿದ್ದಾಗ ಸದ್ದಿಲ್ಲದೆ ಒಳಗೆ ಬಂದು ಎತ್ತಿಕೊಂಡು ಹೋಗಿದ್ದರು.

ನೀಲಮಣಿ ಅಂಗಡಿಗೆ ಹೋಗಿರಲಿಲ್ಲ. ಸಂಕೋಚದಿಂದ ಹೇಳಿದ, "ದೇವರನ್ನ ಹೊರಗೆ ಇಟ್ಕೊಂಡಿದ್ದಾಳೆ ಸಾರ್. ನೀವು ಆರಾಮಾಗಿ ಬೀಗ ಹಾಕ್ಕೊಂಡು ಹೋಗಿ ಬನ್ನಿ ಅಂತಾಳೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಊರವರೆಲ್ಲ ಸೇರಿ ಹೊರಗೆ ಹಾಕಿದ್ದರೂ ತಡೆದುಕೊಳ್ಳಬಹುದಿತ್ತು. ತಮ್ಮ ಬೀಗಕ್ಕೆ ತೊಂದರೆಯಾಗದಿರಲೆಂದು ಒಂದು ಮನೆಯ ದೇವರು ಮನೆ ಬಿಟ್ಟು ಹೊರಗೆ ಕುಳಿತಿದ್ದನ್ನು ಶೆಟ್ಟರಿಗೆ ನೋಡಲಾಗಲಿಲ್ಲ. ಅರವತ್ತು ದಾಟಿದ ಮನುಷ್ಯ ಹೊಸಿಲಿನ ಮೇಲೆ ಕುಸಿದು ಕುಳಿತು ಅತ್ತರು.

"ಒಳಗೆ ಇಡಿ ಅಜ್ಜಿ, ಒಳಗೆ ಇಡಿ" ಎಂದು ಕನ್ನಡದಲ್ಲೇ ಬೇಡಿಕೊಂಡರು. ಅಜ್ಜಿ ತಲೆಯಾಡಿಸಿ, ಒಳಗಿದ್ದ ಇವರ ಪೆಟ್ಟಿಗೆಗಳ ಕಡೆ ಕೈ ತೋರಿಸಿದರು. ಶೆಟ್ಟರು ಎದ್ದರು. ಪೆಟ್ಟಿಗೆ, ಚೀಲ, ನೀರಿನ ಬಾಟಲಿ, ಒಂದೊಂದನ್ನೇ ತಾವೇ ಹೊತ್ತು ತಂದು ಅಂಗಳದಲ್ಲಿಟ್ಟರು. ಕೋಣೆ ಖಾಲಿಯಾಯಿತು. ಆಮೇಲೆ ಅಜ್ಜಿ ದೇವರನ್ನೆತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಅಜ್ಜಿ ಊಟಕ್ಕೆ ಕೂರುವವರೆಗೆ ಗಂಡಹೆಂಡತಿ ಅಂಗಳ ಬಿಟ್ಟು ಕದಲಲಿಲ್ಲ, ನೀರೂ ಮುಟ್ಟಲಿಲ್ಲ. ಹೊರಡುವಾಗ ಶೆಟ್ಟರು, "ತಪ್ಪಾಯ್ತು ಅನ್ನೋದಕ್ಕೆ ನಿಮ್ಮ ಭಾಷೇಲಿ ಏನಂತಾರೆ?" ಎಂದು ನೀಲಮಣಿಯನ್ನು ಕೇಳಿದರು. "ಅದೆಲ್ಲ ಯಾಕೆ ಬಿಡಿ ಸಾರ್" ಎಂದು ಅವನು ನಕ್ಕ. ಹೇಳಿಕೊಡಲಿಲ್ಲ. ಆ ಮಾತು ಶೆಟ್ಟರ ಗಂಟಲಲ್ಲೇ ಉಳಿದು ಊರಿಗೆ ಬಂತು.

ಬೀಗವನ್ನು ಕಡಲಿಗೆ ಎಸೆದರು ಎಂದು ಬರೆದರೆ ಚೆಂದ ಕಾಣುತ್ತಿತ್ತು. ಎಸೆಯಲಿಲ್ಲ. ಈಗ ಅದು ಮಧುಗಿರಿಯ ಅಂಗಡಿ ಬಾಗಿಲಿಗಿದೆ. ದಿನಾ ಸಂಜೆ ಅದನ್ನು ಹಾಕುವ ಮೊದಲು ಶೆಟ್ಟರು ಬಾಗಿಲು ತೆರೆದು, ಒಳಗೆ ಯಾರನ್ನಾದರೂ ಕೂಡಿಹಾಕುತ್ತಿದ್ದೇನೋ ಎಂದು ಇನ್ನೊಮ್ಮೆ ಇಣುಕುತ್ತಾರೆ. ಯಾತ್ರೆಗೆ ಹೊರಟವರು ಬಂದು, "ಎಲ್ಲಿ ಇಳ್ಕೊಂಡ್ರೆ ಒಳ್ಳೇದು ಶೆಟ್ರೇ?" ಎಂದು ಈಗಲೂ ಕೇಳುತ್ತಾರೆ. ಶೆಟ್ಟರು ಮುಖ ಕೆಳಗೆ ಮಾಡಿಕೊಂಡು ಹೇಳುತ್ತಾರೆ, "ಎಲ್ಲಾದರೂ ಇಳ್ಕೊಳಿ. ಆ ಜಾಗದಲ್ಲಿ ನಿನ್ನೆ ಯಾರಿದ್ದರು ಅಂತ ಕೇಳಿ ಇಳ್ಕೊಳಿ."

ನೀತಿ: ಪರಸ್ಥಳದಲ್ಲಿ ತಂಗುವಾಗ ನಮಗೆ ಸಿಗುವ ಕೋಣೆ ಎಷ್ಟೋ ಸಲ ಬೇರೆಯವರು ನಮಗಾಗಿ ಬಿಟ್ಟುಕೊಟ್ಟದ್ದು. ಹಾಸಿಗೆ, ನೀರು, ಬೀಗ ನೋಡುವ ಮೊದಲು ಆ ಮನೆಯವರ ಮುಖ ನೋಡಬೇಕು, ಅವರ ಮಾತು ಕೇಳಬೇಕು. ನಂಬಿ ಬಾಗಿಲು ತೆರೆದವರನ್ನು ನಾವು ಅನುಮಾನಿಸಿದರೆ, ಆಮೇಲೆ ಯಾವ ದೇವರ ಮುಂದೆ ನಿಂತರೂ ತಲೆ ಎತ್ತಲಾಗುವುದಿಲ್ಲ.