ಎರಡು ಮೂವತ್ತೆರಡರ ಬಸ್ಸು

ಮೂಡಕೊಪ್ಪ, ಪಡುಕೊಪ್ಪ ಅಕ್ಕಪಕ್ಕದ ಊರುಗಳು. ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಉದ್ದನೆಯ ಸೇತುವೆ.

ಎರಡೂ ಊರಿಗೆ ತಮ್ಮ ತಮ್ಮ ಬಸ್ಸುಗಳಿದ್ದವು. ಪಡುಕೊಪ್ಪದ ಬಸ್ಸು ಸೇತುವೆಯ ಈ ತುದಿಗೆ ಬಂದು ತಿರುಗುತ್ತಿತ್ತು, ಮೂಡಕೊಪ್ಪದ್ದು ಆ ತುದಿಗೆ ಬಂದು ತಿರುಗುತ್ತಿತ್ತು. ದಾಟುವುದು ಮಾತ್ರ ಯಾವುದೂ ಇಲ್ಲ. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದಕ್ಕೊಂದು ಬೆನ್ನು ಮಾಡಿ ನಿಲ್ಲುತ್ತಿದ್ದವು.

ಜನ ಈ ಬಸ್ಸಿಳಿದು, ಆರು ನಿಮಿಷ ಸೇತುವೆ ನಡೆದು, ಆ ಬಸ್ಸಿನಲ್ಲಿ ಮತ್ತೊಂದು ಟಿಕೆಟ್ ತೆಗೆಯಬೇಕಿತ್ತು. ಬಹಳ ಸಲ ಆ ಬಸ್ಸು ಹೊರಟೇ ಹೋಗಿರುತ್ತಿತ್ತು.

ಹಾಗೆ ಬಸ್ಸು ತಪ್ಪಿದವರು ಕೂರುವುದಕ್ಕೆ ಆ ತುದಿಯಲ್ಲಿದ್ದದ್ದು ಒಂದೇ ಜಾಗ, ಒಂದು ಸಣ್ಣ ಮಠದ ಕಟ್ಟೆ. ಅಲ್ಲಿದ್ದ ಗುರುಗಳನ್ನು ಜನ ಹಳ್ಳದಜ್ಜ ಎನ್ನುತ್ತಿದ್ದರು. ಅವರನ್ನು ನೋಡಬೇಕೆಂದೇ ಬಂದವರು ಕಡಿಮೆ. ಬಂದವರೆಲ್ಲ ಬಸ್ಸು ತಪ್ಪಿ ಬಂದವರೇ.

ಶಿಷ್ಯ ಗದಿಗೆಪ್ಪನೂ ಹಾಗೇ ಬಂದವನು. ಪಡುಕೊಪ್ಪದ ಡಿಪೋದಲ್ಲಿ ಹದಿನೈದು ವರ್ಷ ಬಸ್ಸುಗಳ ವೇಳಾಪಟ್ಟಿ ಬರೆದಿದ್ದ. ಹೆಂಡತಿ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ, ಬಸ್ಸು ತಪ್ಪಿ ಈ ಕಟ್ಟೆಯ ಮೇಲೆ ಕೂತ. ಮುಂದಿನ ಬಸ್ಸು ಬಂತು, ಹೋಯಿತು. ಅವನು ಏಳಲಿಲ್ಲ. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ.

ಅಜ್ಜನೂ ಏಳು ಎನ್ನಲಿಲ್ಲ. ಗದಿಗೆಪ್ಪ ಕೆಲಸ ಬಿಟ್ಟು ಅಲ್ಲೇ ಉಳಿದ.

ಒಂದು ದಿನ ಎರಡೂ ಊರಿನ ಡಿಪೋ ಮ್ಯಾನೇಜರರು ಜೀಪಿನಲ್ಲಿ ಮಠಕ್ಕೆ ಬಂದರು. ಬಸ್ಸುಗಳನ್ನು ಹೊಂದಿಸಿ ಎಂದು ಮೇಲಿನಿಂದ ಆದೇಶವಾಗಿತ್ತು. ಅವರ ಕಚೇರಿಗೆ ಇವರು ಹೋಗಲೊಲ್ಲರು, ಇವರ ಕಚೇರಿಗೆ ಅವರು ಬರಲೊಲ್ಲರು. ಮಠ ಯಾರ ಕಡೆಯದೂ ಅಲ್ಲ ಎಂದು ಇಲ್ಲಿ ಕೂತರು.

“ಒಂದ ಟಿಕೆಟ್ ಆಗಲಿ ಅಂತ ನಾವೂ ಅಂತೀವ್ರಿ,” ಎಂದರು ಪಡುಕೊಪ್ಪದವರು. “ಆದರ ನಮ್ಮ ಕಂಡಕ್ಟರ್ ಕೊಟ್ಟ ಟಿಕೆಟ್ ಹಿಡಕೊಂಡು ಅವರ ಬಸ್ಸಿನ್ಯಾಗ ಕುಂತ್ರ, ಆತ ಯಾರ ಪ್ಯಾಸೆಂಜರ್?”

“ನಮ್ಮ ಬಸ್ಸಿನ್ಯಾಗ ಕುಂತ ಮ್ಯಾಲೆ ನಮ್ಮ ಪ್ಯಾಸೆಂಜರ್,” ಎಂದರು ಮೂಡಕೊಪ್ಪದವರು.

ಚಹಾ ಎರಡು ಸಲ ಬಂತು. ಪ್ಯಾಸೆಂಜರ್ ಯಾರವನೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

ಅಜ್ಜ ಕೇಳಿದರು, “ಬ್ರಿಜ್ ದಾಟೂದ್ರಾಗ ಮನಷ್ಯಾ ಬದಲಾಗತಾನೇನ್ರಿ?”

“ಇಲ್ರಿ ಅಜ್ಜಾರ.”

“ಮತ್ತ ಟಿಕೆಟ್ ಯಾಕ ಬದಲಾಗಬೇಕು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗೆ ಆರುವ ಮೊದಲೇ ಕಾಗದದ ಮೇಲೆ ಸಹಿ ಬಿತ್ತು. ಎರಡೂ ಬಸ್ಸಿಗೆ ಒಂದೇ ಟಿಕೆಟ್, ಸೇತುವೆಗೆ ಒಂದೇ ಸ್ಟೇಜು, ದರ ಒಂದೇ ಸಲ.

ಉಳಿದದ್ದು ವೇಳೆ. ಅದನ್ನು ಗದಿಗೆಪ್ಪನೇ ಬರೆಯಲಿ ಎಂದರು. ಕೆಲಸ ಬಲ್ಲವನು, ಈಗ ಯಾವ ಊರಿನವನೂ ಅಲ್ಲ.

ಗದಿಗೆಪ್ಪ ಎಂಟು ದಿನ ಕೂತು ಬರೆದ. ಒಂದು ಬಸ್ಸು ಬಂದು ಇನ್ನೊಂದು ಹೊರಡುವ ನಡುವೆ ಎಲ್ಲ ಕಡೆಯೂ ಎಂಟು ನಿಮಿಷ ಬಿಟ್ಟ. ಒಂದು ಕಡೆ ಮಾತ್ರ ಬಿಡಲಿಲ್ಲ. ಪಡುಕೊಪ್ಪದ ಬಸ್ಸು ಈ ತುದಿಗೆ ಬರುವುದು ಮಧ್ಯಾಹ್ನ ಎರಡೂವರೆಗೆ, ಮೂಡಕೊಪ್ಪದ ಬಸ್ಸು ಆ ತುದಿಯಿಂದ ಹೊರಡುವುದು ಎರಡು ಮೂವತ್ತೆರಡಕ್ಕೆ.

“ಎರಡ ನಿಮಿಷ! ಭಾರೀ ಹೊಂದಿಸೀರಿ ಬಿಡ್ರಿ,” ಎಂದು ಮ್ಯಾನೇಜರರು ಬೆನ್ನು ತಟ್ಟಿದರು.

ಅವರು ಜೀಪಿನವರು. ಸೇತುವೆ ದಾಟುವುದಕ್ಕೆ ಆರು ನಿಮಿಷ ಬೇಕೆಂಬುದು ನಡೆದವರಿಗೇ ಗೊತ್ತು. ಗದಿಗೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಹೊಸ ವೇಳೆ ಜಾರಿಗೆ ಬಂತು. ಬೆಳಿಗ್ಗೆ, ಸಂಜೆ ಜನ ಇಳಿದರು, ದಾಟಿದರು, ಹತ್ತಿದರು, ಹೋದರು. ಕಟ್ಟೆ ಬಿಕೋ ಎನ್ನುತ್ತಿತ್ತು. ಮಧ್ಯಾಹ್ನ ಮಾತ್ರ ನಲವತ್ತು ನಿಮಿಷ ಮೊದಲಿನ ಹಾಗೇ ತುಂಬುತ್ತಿತ್ತು. ಅಜ್ಜ ಎರಡು ಮಾತು ಹೇಳುತ್ತಿದ್ದರು. ಗದಿಗೆಪ್ಪ ನೀರು ಕೊಡುತ್ತಾ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಅಷ್ಟು ಹೊತ್ತು ಅವನ ಮುಖದಲ್ಲಿ ಕಳೆ ಇರುತ್ತಿತ್ತು.

ಒಬ್ಬ ಹೆಂಗಸು ಮಾತ್ರ ದಿನವೂ ಸೇತುವೆಯ ಮೇಲೆ ಓಡಿ ಬರುತ್ತಿದ್ದಳು. ಹೆಸರು ಫಕೀರವ್ವ, ಪಡುಕೊಪ್ಪದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಕೈಯಲ್ಲಿ ಒಂದು ಡಬ್ಬಿ. ಓಡಿ ಬಂದರೂ ಅವಳಿಗೆ ಕಾಣುತ್ತಿದ್ದದ್ದು ಬಸ್ಸಿನ ಹಿಂಭಾಗವೇ.

“ಟಿಕೆಟ್ ಒಂದಾತು ಅಂತ ಹಿಗ್ಗಿದ್ನಿ ಅಜ್ಜಾರ,” ಎಂದಳು ಒಂದು ದಿನ, ಏದುಸಿರು ಬಿಡುತ್ತ. “ಬಸ್ಸಿಂದು ಮಾತ್ರ ಅದ ರಾಗ, ಅದ ತಾಳ.”

“ಕೂಡವ್ವಾ. ಮೊದಲ ನೀರು ಕುಡಿ.”

“ನಮ್ಮ ಮನಿಯವರು ಲಕ್ವಾ ಹೊಡದು ಮೂಡಕೊಪ್ಪದ ದವಾಖಾನ್ಯಾಗ ಬಿದ್ದಾರ್ರಿ. ನನ್ನ ಕೈ ಬಿಟ್ಟು ಮತ್ತೊಬ್ಬರ ಕೈಲಿ ಉಣ್ಣೂದಿಲ್ಲ. ಮೂರರಿಂದ ನಾಕರ ತನಕ ಒಳಗ ಬಿಡತಾರ. ಖಾನಾವಳಿ ಕೆಲಸ ಮುಗಿಯೂದು ಎರಡಕ್ಕ. ಈ ಬಸ್ಸು ಸಿಕ್ರ ಮೂರಕ್ಕ ಮುಟ್ಟತೀನಿ. ತಪ್ಪಿದ್ರ ಮೂರೂ ನಲವತ್ತು.”

ಗದಿಗೆಪ್ಪ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಕೇಳಿಯೂ ಕೇಳದವನ ಹಾಗೆ ಪಕ್ಕದವರಿಗೆ ನೀರು ಹಾಕಿದ.

ಸಂಜೆ ಅಜ್ಜ ಕರೆದರು.

“ತಮ್ಮಾ, ಉಳಿದ ಬಸ್ಸಿಗೆಲ್ಲಾ ಎಂಟು ನಿಮಿಷ ಬಿಟ್ಟಿ. ಇದಕ್ಕ ಎರಡ ಯಾಕ?”

ಗದಿಗೆಪ್ಪ ತಲೆ ತಗ್ಗಿಸಿದ.

“ಕೈತಪ್ಪಿ ಆಗೇತೇನು?”

“ಇಲ್ರಿ. ಬೇಕಂತ ಬರದೀನ್ರಿ.”

“ಯಾಕ?”

“ನಾನೂ ಇದ ಬಸ್ಸು ತಪ್ಪಿ ಬಂದಾಂವ್ರಿ ಅಜ್ಜಾರ. ಅವತ್ತ ಬಸ್ಸು ಸಿಕ್ಕಿದ್ರ ನಿಮ್ಮ ಮಾರಿ ನೋಡತಿದ್ದಿಲ್ಲ. ಯಾರೂ ತಾವಾಗೇ ಬಂದು ಗುರುವಿನ ಮುಂದ ಕೂಡೂದಿಲ್ರಿ. ಬಸ್ಸು ಇಲ್ಲಂದ್ರ ಕೂಡತಾರ.”

“ಹಂಗಾದ್ರ ನನ್ನ ಸಲುವಾಗಿ ಮಾಡೀದಿ.”

“ಹೂಂನ್ರಿ.”

“ಅಷ್ಟನೋ?”

ಗದಿಗೆಪ್ಪ ಖಾಲಿ ಕಟ್ಟೆಯ ಕಡೆ ನೋಡಿದ. ಆಮೇಲೆ ಹೇಳಿದ, “ನನ್ನ ಸಲುವಾಗೂ ಮಾಡೀನ್ರಿ. ಆ ಹೊತ್ತಿನ್ಯಾಗ ನಾಕು ಮಂದಿ ಇರತಾರ. ಯಾರಾದ್ರೂ ನನ್ನ ಹೆಸರ ಹಿಡದು ಕರೀತಾರ.”

ಅಜ್ಜ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ನಾಳೆ ಫಕೀರವ್ವನ ಡಬ್ಬಿ ನೀ ಹಿಡಕೊಂಡು ಹೋಗು,” ಎಂದಷ್ಟೇ ಹೇಳಿದರು.

ಮರುದಿನ ಗದಿಗೆಪ್ಪ ಅವಳ ಜೊತೆ ಮುಂದಿನ ಬಸ್ಸಿನಲ್ಲಿ ಹೋದ. ದವಾಖಾನೆಯ ಒಳಗೆ ಕಾಲಿಟ್ಟಾಗ ಅವನ ಕೈಗಡಿಯಾರದಲ್ಲಿ ಮೂರೂ ನಲವತ್ತು.

ಫಕೀರವ್ವ ಗಂಡನ ತಲೆಯ ಕೆಳಗೆ ಎಡಗೈ ಕೊಟ್ಟು ಎತ್ತಿದಳು. ಡಬ್ಬಿಯಲ್ಲಿ ನುಚ್ಚು, ಮಜ್ಜಿಗೆ. ಒಂದು ಚಮಚೆ ಬಾಯಿಗಿಟ್ಟಳು. ಅವನು ಅದನ್ನು ನುಂಗಲು ಎರಡು ನಿಮಿಷ ತೆಗೆದುಕೊಂಡ. ನುಂಗಿದ ಮೇಲೆ ಮತ್ತೆ ಬಾಯಿ ತೆರೆದ.

ವೇಳೆ ಬರೆದು ಬರೆದು ಅಭ್ಯಾಸವಾದ ಗದಿಗೆಪ್ಪ ಗಡಿಯಾರ ನೋಡುತ್ತ ಎಣಿಸಿದ. ಒಂಬತ್ತು ಚಮಚೆ.

ಗಂಟೆ ಬಾರಿಸಿತು. “ಟೈಮ್ ಆತು, ಹೊರಗ ನಡೀರಿ,” ಎಂದು ನರ್ಸು ಕೂಗಿದಳು.

ಫಕೀರವ್ವ ಡಬ್ಬಿ ಮುಚ್ಚಿದಳು. ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಗಂಡನಿಗೆ ಅದು ತಿಳಿಯಲಿಲ್ಲ. ಬಾಯಿ ತೆರೆದುಕೊಂಡೇ ಇದ್ದ.

“ಮುಚ್ಚರಿ ಬಾಯಿ. ನಾಳೆ ಬರತೀನಿ,” ಎಂದು ಸೆರಗಿನಿಂದ ಅವನ ಗದ್ದ ಒರೆಸಿದಳು.

ಬಾಗಿಲು ದಾಟುವಾಗ ಗದಿಗೆಪ್ಪ ತಿರುಗಿ ನೋಡಿದ. ಬಾಯಿ ಇನ್ನೂ ತೆರೆದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದ, “ಪೂರಾ ಒಂದು ತಾಸು ಸಿಕ್ರ ಡಬ್ಬಿ ಮುಗೀತೈತೇನವ್ವಾ?”

“ಯಾರಿಗೊತ್ರಿ? ಒಂದ ದಿನಾನೂ ಸಿಕ್ಕಿಲ್ಲ.”

“ಯವ್ವಾ, ಆ ಬಸ್ಸಿನ ವೇಳೆ ಬರದಾಂವ ನಾನ.”

ಫಕೀರವ್ವ ಅವನನ್ನು ಒಂದು ಗಳಿಗೆ ನೋಡಿದಳು.

“ಬರದವರು ನೀವಾದ್ರ, ಅಳಸವರೂ ನೀವ ಅಲ್ಲೇನ್ರಿ?” ಎಂದು ಮುಖ ಕಿಟಕಿಯ ಕಡೆ ತಿರುಗಿಸಿದಳು.

ಗದಿಗೆಪ್ಪ ಮಠಕ್ಕೆ ಬಂದವನೇ ಕಾಗದ ತೆಗೆದ. ಮೂವತ್ತೆರಡು ಹೊಡೆದು ಹಾಕಿ ಮೂವತ್ತೆಂಟು ಎಂದು ಬರೆಯಬೇಕಿತ್ತು. ಹೊಡೆದು ಹಾಕಿದ. ಬರೆಯುವ ಮೊದಲು ಕೈ ನಿಂತಿತು.

“ಅಜ್ಜಾರ, ಇದೊಂದು ಹೋತಂದ್ರ ಇಲ್ಲಿ ಯಾರೂ ಕೂಡೂದಿಲ್ರಿ. ನಿಮ್ಮ ಮಾತು ಕೇಳವರು ಇರೂದಿಲ್ಲ.”

“ಬಸ್ಸು ತಪ್ಪಿದವರು ಕೇಳತಿದ್ದದ್ದು ನನ್ನ ಮಾತಲ್ಲೋ ತಮ್ಮಾ. ಮುಂದಿನ ಬಸ್ಸಿನ ಸಪ್ಪಳ.”

“ಎಲ್ಲಾರೂ ಹಂಗ ಅಲ್ರಿ. ನಾ ಕೇಳಿದ್ನಲ್ಲಾ.”

“ನಿನಗ ಹೋಗೂದಿತ್ತೇನು?”

ಗದಿಗೆಪ್ಪ ಕಾಗದದ ಕಡೆ ಬಾಗಿದ. ಮೂವತ್ತೆಂಟು ಎಂದು ಬರೆದ.

ಮ್ಯಾನೇಜರರು ಕಾಗದ ನೋಡಿ ಗೊಣಗಿದರು. “ಎರಡ ನಿಮಿಷ ಇದ್ದದ್ದು ಎಂಟು ಮಾಡಿದ್ರ, ಇದೆಂಥಾ ಹೊಂದಾಣಿಕಿರಿ?”

ಗದಿಗೆಪ್ಪ ಇಬ್ಬರನ್ನೂ ಜೀಪಿನಿಂದ ಇಳಿಸಿ ಸೇತುವೆ ನಡೆಸಿದ. ಉರಿಬಿಸಿಲು. ಆ ತುದಿ ಮುಟ್ಟುವಾಗ ಒಬ್ಬರ ಕೈಯಲ್ಲಿ ಟೋಪಿ, ಇನ್ನೊಬ್ಬರ ಕೈಯಲ್ಲಿ ಕರವಸ್ತ್ರ. ಎಷ್ಟು ನಿಮಿಷವಾಯಿತೆಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಹಿ ಮಾಡಿದರು.

ಅಂದಿನಿಂದ ಫಕೀರವ್ವ ಓಡುವುದು ನಿಂತಿತು. ನಡೆದು ಬಂದು ಬಸ್ಸು ಹತ್ತುತ್ತಿದ್ದಳು. ಮೊದಲ ಕೆಲವು ದಿನ ಕಿಟಕಿಯಿಂದ ಮಠದ ಕಡೆ ಕೈ ಮುಗಿದಳು. ಮೂರನೆಯ ದಿನ ಹಿಂದಿರುಗುವ ಬಸ್ಸಿಳಿದು, ಖಾಲಿ ಡಬ್ಬಿಯನ್ನು ಬೋರಲು ಹಿಡಿದು ತೋರಿಸಿ ಸೇತುವೆಯ ಕಡೆ ಹೋದಳು. ಹದಿನೈದು ದಿನಕ್ಕೆ ಈ ಕಡೆ ನೋಡುವುದನ್ನು ಮರೆತಳು. ಅದು ಅವಳ ತಪ್ಪಲ್ಲ. ಅವಳ ಕಣ್ಣು ಮುಂದಿನ ದಾರಿಯ ಮೇಲಿತ್ತು.

ಉಳಿದವರೂ ಅಷ್ಟೇ. ನೀರು ಕೇಳುವುದಕ್ಕೂ ಯಾರೂ ನಿಲ್ಲಲಿಲ್ಲ.

ಗದಿಗೆಪ್ಪನಿಗೆ ಹಗಲು ಉದ್ದವಾಯಿತು. ಗುಡಿಸಿದ ಕಟ್ಟೆಯನ್ನೇ ಮತ್ತೆ ಗುಡಿಸಿದ. ಹೆಂಡತಿ ಸತ್ತ ವರ್ಷದ ಮನೆಯ ಹಾಗೆ ಮಠ ಅವನನ್ನು ಕಚ್ಚಿ ತಿನ್ನತೊಡಗಿತು. ಅಜ್ಜ ಮಾತ್ರ ಎರಡೂವರೆಗೆ ತಪ್ಪದೆ ಹೊರಗೆ ಬಂದು ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಬಸ್ಸು ಹೊರಟು ಹೋದ ಮೇಲೂ ಕೂತಿರುತ್ತಿದ್ದರು.

ಒಂದು ದಿನ ಅವನು ತಡೆಯಲಾರದೆ ಕೇಳಿದ.

“ಅಜ್ಜಾರ, ನಿಮಗ ಬ್ಯಾಸರ ಆಗೂದಿಲ್ಲೇನ್ರಿ?”

“ಆಗತೈತಿ.”

ಇಂಥ ಉತ್ತರ ಬರುತ್ತದೆಂದು ಗದಿಗೆಪ್ಪ ಎಣಿಸಿರಲಿಲ್ಲ.

“ನನಗೂ ಆಗತೈತ್ರಿ. ತಡಕೊಳ್ಳಾಕ ಆಗವಲ್ದು. ದಿನಾ ಬ್ಯಾಡ್ರಿ, ವಾರಕ್ಕ ಒಂದ ದಿನ ಮೂವತ್ತೆರಡಕ್ಕ ಬಿಡ್ರಿ ಅಂತ ಡಿಪೋದವರಿಗೆ ಹೇಳಲೇನ್ರಿ? ಒಂದ ದಿನ.”

ಅಜ್ಜ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವನ ಕೈ ಹಿಡಿದುಕೊಂಡರು.

“ಗಂಟಿ ಎಷ್ಟಾತು ನೋಡು.”

“ಮೂರೂ ಹತ್ತು.”

“ಈಗ ಆಕಿ ಉಣಸಾಕ ಹತ್ತಿರತಾಳ. ಸುಮ್ಮನ ಕೂಡು.”