ಕುರ್ಚಿ ಹಾಕುವ ಜಾಗ

ರಾಯಚೂರಿನ ಉರಿಬಿಸಿಲಿನಲ್ಲಿ ದ್ಯಾಮವ್ವ ತಾನೇ ನಿಂತು ಮನೆ ಕಟ್ಟಿಕೊಳ್ಳುತ್ತಿದ್ದಳು. ಗೋಡೆ, ಚಾವಣಿ ಮುಗಿದಿದ್ದವು. ಮನೆ ತಂಪಾಗಿರಬೇಕು, ಕರೆಂಟೂ ಉಳಿಯಬೇಕು. ಅದನ್ನು ಬಲ್ಲ ಸಲಹೆಗಾರರನ್ನು ಹುಡುಕುತ್ತಿದ್ದಳು.

ಮಧ್ಯಾಹ್ನ ಮೂರಕ್ಕೆ ಒಬ್ಬರು ಬಂದರು. ಕೈಯಲ್ಲಿ ಏಳು ಸರ್ಟಿಫಿಕೇಟು. "ಈ ಜಿಲ್ಲೆಯಲ್ಲಿ ನನ್ನಷ್ಟು ಓದಿದವರಿಲ್ಲ. ಕೆಲಸ ಈಗಲೇ ನನಗೆ ಒಪ್ಪಿಸು" ಎಂದರು.

"ಆಗ್ಲಿರಿ. ಮನಿಯೊಳಗ ಬೇಕಾದಲ್ಲಿ ಕುರ್ಚಿ ಹಾಕ್ಕೊಂಡು ಕುಂದರ್ರಿ, ಚಾ ತರ್ತೀನಿ" ಎಂದಳು ದ್ಯಾಮವ್ವ.

ಚಾ ತಂದಾಗ ಅವರು ಬಿಸಿಲಿಗೆ ಕಾದ ಪಶ್ಚಿಮದ ಗೋಡೆಗೇ ಕುರ್ಚಿ ಒರಗಿಸಿ ಕೂತು, ಬೆವರೊರೆಸುತ್ತಾ, ಸರ್ಟಿಫಿಕೇಟಿನಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ಎಡಕ್ಕೆ, ಉತ್ತರದ ಕಿಟಕಿಯ ಕೆಳಗೆ ಬೀದಿನಾಯಿಯೊಂದು ಗೊರಕೆ ಹೊಡೆಯುತ್ತಿತ್ತು.

"ತಂಪು ಜಾಗ ಅದಕ್ಕ ಗೊತ್ತೈತ್ರಿ" ಎಂದಳು.

ಅವರು ಸಿಡುಕಿದರು. "ಹಾಗಾದರೆ ನಾಯಿಯನ್ನೇ ಸಲಹೆಗಾರ ಮಾಡಿಕೋ!"

"ಅದು ಆಗಲೇ ಕೆಲಸಕ್ಕ ಸೇರೈತ್ರಿ. ಅದರ ಬಾಜೂಕ ಕುರ್ಚಿ ಹಾಕ್ಕೊಳ್ಳೋರು ಒಬ್ಬರು ಬೇಕಾಗ್ಯಾರ."